ಸಾಯದ ಮಂಗ: ವಾನರರ ಮೈಯಲ್ಲಿ ಡೆಂಗಿ ವೈರಸ್ ಹಿಡಿಯುವ ದಾರಿ

(ಧಾರವಾಡದ ಕಾಲೇಜೊಂದರಲ್ಲಿ ವಿಜ್ಞಾನ ವಿದ್ಯಾರ್ಥಿಗಳಿಗೂ ಊರಿನ ಆಸಕ್ತರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಅವಸರದಲ್ಲಿ ಬಿಟ್ಟುಹೋದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಹಿರಿಯರೆ, ಗೆಳೆಯರೆ, ವಿದ್ಯಾರ್ಥಿಗಳೆ,

ಈ ಸಭಾಂಗಣದೊಳಗೆ ಬರುವ ಮೊದಲು ಹೊರಗೆ ಚಹಾ ಕುಡಿಯುತ್ತ ನಿಂತಿದ್ದಾಗ ಹಾನಗಲ್ಲ ಕಡೆಯಿಂದ ಬಂದ ಹಿರಿಯರೊಬ್ಬರು ನನ್ನನ್ನು ತಡೆದು ಒಂದು ಪ್ರಶ್ನೆ ಕೇಳಿದರು. ಅವರ ಮಾತನ್ನು ಅವರ ನುಡಿಯಲ್ಲೇ ಹೇಳುತ್ತೇನೆ: “ಮಂಗ್ಯಾ ಸತ್ತು ಬಿದ್ರ ನಮ್ಮ ಕಡೆ ಮಂದಿ ಹೆದರತಾರ್ರಿ ಸರ. ನೀವು ನೋಡಿದ್ರ ಡೆಂಗಿ ಮಂಗ್ಯಾಗೂ ಬರತೈತಿ ಅಂತ ಹೇಳಾಕ ಹೊಂಟೀರಿ. ಹಂಗಾರ ಅವು ಯಾಕ ಸಾಯೂದಿಲ್ಲ?” ನಾನು ಬರೆದು ತಂದಿದ್ದ ಪೀಠಿಕೆಯನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದೇನೆ. ಇಂದಿನ ಉಪನ್ಯಾಸದ ತಿರುಳೆಲ್ಲ ಆ ಪ್ರಶ್ನೆಯೊಳಗೇ ಇದೆ.

ಅವರು ಹೆದರುವುದಕ್ಕೆ ಕಾರಣವಿದೆ. ಹಾನಗಲ್ಲಿಗೆ ಹತ್ತಿರದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಅದರೊಂದಿಗೆ ಕಾಡಿಗೆ ಹೋಗಿಬರುವ ಜನರಿಗೂ ವಿಪರೀತ ಜ್ವರ ಬಂತು. ಮಂಗಗಳ ಸಾವಿನ ಸುದ್ದಿ ಕೇಳಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಭಾರತದಲ್ಲಿ ಎಂದೂ ಕಾಣಿಸಿಕೊಳ್ಳದ ಹಳದಿ ಜ್ವರದ್ದು. ಅದು ಹಳದಿ ಜ್ವರವಾಗಿರಲಿಲ್ಲ. ಉಣ್ಣಿಯ ಕಡಿತದಿಂದ ಹರಡುವ ಹೊಸದೊಂದು ವೈರಸ್ ಆಗಿತ್ತು. ಕ್ಯಾಸನೂರು ಕಾಡಿನ ಕಾಯಿಲೆ ಎಂದು ಜಗತ್ತು ಕರೆಯುವ ಅದನ್ನು ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಕರಿಮೂತಿಯ ಮುಸಿಯಾಗಳೂ ನಮ್ಮ ಊರುಗಳ ಕೆಂಪು ಮಂಗಗಳೂ ಅದಕ್ಕೆ ಬಲಿಯಾಗುತ್ತವೆ.

ಮಂಗನ ಕಾಯಿಲೆಯ ವೈರಸ್, ಹಳದಿ ಜ್ವರದ ವೈರಸ್, ಡೆಂಗಿ ವೈರಸ್, ಈ ಮೂರೂ ಫ್ಲೇವಿವೈರಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಮೂರೂ ಆರ್‌ಎನ್‌ಎ ವೈರಸ್‌ಗಳು, ಮೂರೂ ಕಡಿಯುವ ಜೀವಿಯ ಮೂಲಕ ಹರಡುವಂಥವು. ಹೀಗಿದ್ದೂ ವಾನರರ ಮೈಯಲ್ಲಿ ಒಂದೊಂದರ ನಡವಳಿಕೆ ಒಂದೊಂದು ಬಗೆ. ದಕ್ಷಿಣ ಅಮೆರಿಕದ ಹೌಲರ್ ಮಂಗಗಳು ಹಳದಿ ಜ್ವರ ಬಂದರೆ ಗುಂಪುಗುಂಪಾಗಿ ಸಾಯುತ್ತವೆ, ಆದರೆ ಅದೇ ವೈರಸ್ ಆಫ್ರಿಕಾದ ಹೆಚ್ಚಿನ ಮಂಗಗಳನ್ನು ಕೊಲ್ಲುವುದಿಲ್ಲ. ಡೆಂಗಿಯಂತೂ ಏಷ್ಯಾದ ಮಂಗಗಳನ್ನೂ ಕೊಲ್ಲುವುದಿಲ್ಲ, ಆಫ್ರಿಕಾದವನ್ನೂ ಕೊಲ್ಲುವುದಿಲ್ಲ. ಕೊಲ್ಲುವ ಮಾತು ಹಾಗಿರಲಿ, ಸೋಂಕು ತಗಲಿದ ಮಂಗ ಒಂದು ಹೊತ್ತಿನ ಊಟವನ್ನೂ ಬಿಡುವುದಿಲ್ಲ. ಹಾಗೆಂದು ವೈರಸ್ ಅದರ ಮೈಯಲ್ಲಿ ಬೆಳೆಯುವುದಿಲ್ಲವೇ? ಖಂಡಿತ ಬೆಳೆಯುತ್ತದೆ. ಸೋಂಕು ಬೇರೆ, ರೋಗ ಬೇರೆ ಎಂಬುದನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಡೆಂಗಿಯ ಮಂಗದಷ್ಟು ಚೆನ್ನಾಗಿ ಅದನ್ನು ತೋರಿಸಿಕೊಡುವ ಉದಾಹರಣೆ ನನಗೆ ಬೇರೊಂದು ಸಿಕ್ಕಿಲ್ಲ.

ಇದು ಬಹಳ ಹಿಂದೆಯೇ ಕಂಡುಬಂದ ಸಂಗತಿ. ಜಪಾನಿನಲ್ಲಿ ಕಿಮುರಾ ಮತ್ತು ಹೊಟ್ಟಾ ಅವರು 1943ರಲ್ಲಿ ಡೆಂಗಿ ವೈರಸ್ಸನ್ನು ಬೇರ್ಪಡಿಸುವುದಕ್ಕೂ ಮರುವರ್ಷ ಆಲ್ಬರ್ಟ್ ಸೇಬಿನ್ ಅದರ ಎರಡು ಬಗೆಗಳನ್ನು ಗುರುತಿಸುವುದಕ್ಕೂ ಹನ್ನೆರಡು-ಹದಿಮೂರು ವರ್ಷ ಮೊದಲು, ಅಂದರೆ 1931ರಲ್ಲಿ, ಫಿಲಿಪ್ಪೀನ್ಸ್‌ನಲ್ಲಿದ್ದ ಅಮೆರಿಕದ ಸೇನಾ ವೈದ್ಯ ಸಿಮನ್ಸ್ ಮತ್ತು ಅವರ ಜೊತೆಗಾರರು ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಅವರು ಮಕಾಕ್ ಜಾತಿಯ ಮಂಗಗಳಿಗೆ ಡೆಂಗಿ ತಗಲಿಸಿ ನೋಡಿದ್ದರು. ಮಂಗಗಳಲ್ಲಿ ಹೇಳಿಕೊಳ್ಳುವಂಥ ಕಾಯಿಲೆ ಕಾಣಲಿಲ್ಲ, ಆದರೆ ಸೋಂಕು ಇತ್ತು. ವೈರಸ್ಸನ್ನು ಕಣ್ಣಿಂದ ಕಾಣಲಾಗದ, ಬೆಳೆಸಿ ಎಣಿಸಲಾಗದ ಆ ಕಾಲದಲ್ಲಿ, ಕಾಯಿಲೆಯೇ ಇಲ್ಲದ ಪ್ರಾಣಿಯಲ್ಲಿ ಸೋಂಕಿದೆ ಎಂದು ಹೇಳಲು ಎಷ್ಟು ಎಚ್ಚರ ಬೇಕಿತ್ತು ಎಂಬುದನ್ನು ಇಂದು ಅರ್ಧ ದಿನದಲ್ಲಿ ಪಿಸಿಆರ್ ವರದಿ ಕೈಗೆ ಪಡೆಯುವ ನಮ್ಮ ವಿದ್ಯಾರ್ಥಿಗಳು ಒಂದು ಗಳಿಗೆ ಯೋಚಿಸಬೇಕು.

ಮಂಗದ ಮೈಯಲ್ಲಿ ವೈರಸ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ದಿನದಿನವೂ ಹಿಂಬಾಲಿಸಿ ನೋಡಿದ ಕೆಲಸ 1973ರಲ್ಲಿ ಪ್ರಕಟವಾಯಿತು. ಸ್ಕಾಟ್ ಹಾಲ್‌ಸ್ಟೆಡ್, ಮಾರ್ಶೆಟ್ ಮತ್ತು ಸಂಗಡಿಗರು ರೀಸಸ್ ಮಂಗಗಳ ಮೇಲೆ ಮಾಡಿದ ಆ ಅಧ್ಯಯನಗಳು ಇಂದಿಗೂ ಈ ವಿಷಯದ ತಳಹದಿಯಾಗಿವೆ. ರೀಸಸ್ ಎಂದರೆ ಉತ್ತರ ಭಾರತದ ಮಂಗ; ದೆಹಲಿಯ ಕಚೇರಿಗಳಲ್ಲಿ ಕಡತ ಹರಿಯುವುದು ಅದೇ. ನಮ್ಮ ಕಡೆಯದು ಅದರ ದಾಯಾದಿ, ತಲೆಯ ಮೇಲೆ ಕೂದಲಿನ ಟೋಪಿಯಿರುವ ಬಾನೆಟ್ ಮಕಾಕ್.

ಆ ದಾರಿಯನ್ನು ನೋಡೋಣ. ವೈರಸ್ಸನ್ನು ಚರ್ಮದ ಕೆಳಗೆ ಚುಚ್ಚಲಾಗುತ್ತದೆ. ಸೊಳ್ಳೆ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಚರ್ಮದಲ್ಲಿ ಡೆಂಡ್ರೈಟಿಕ್ ಕೋಶಗಳೆಂಬ ಕಾವಲು ಕೋಶಗಳಿವೆ. ಒಳಬಂದ ಪರಕೀಯ ವಸ್ತುವನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಒಪ್ಪಿಸುವುದು ಅವುಗಳ ಕೆಲಸ. ಡೆಂಗಿ ವೈರಸ್ ಆ ಕೋಶಗಳನ್ನೇ ಹೊಕ್ಕು, ಪೊಲೀಸರ ಜೀಪಿನಲ್ಲೇ ಕುಳಿತು ಠಾಣೆ ತಲುಪುವ ಕಳ್ಳನಂತೆ, ಒಂದೆರಡು ದಿನಗಳಲ್ಲಿ ದುಗ್ಧಗ್ರಂಥಿಗೆ ಬಂದು ಸೇರುತ್ತದೆ. ಅಲ್ಲಿ ತನ್ನ ಸಂಖ್ಯೆ ಹೆಚ್ಚಿಸಿಕೊಂಡು ಮುಂದಿನ ಗ್ರಂಥಿಗಳಿಗೂ ಗುಲ್ಮಕ್ಕೂ ಹರಡುತ್ತದೆ. ಎರಡನೆಯ ದಿನದಿಂದ ಆರನೆಯ ದಿನದೊಳಗೆ ಎಂದೋ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ರಕ್ತದಲ್ಲಿ ವೈರಸ್ ಹರಿದಾಡುವ ಈ ಅವಧಿಗೆ ವೈರೀಮಿಯಾ ಎಂದು ಹೆಸರು. ಮಂಗಗಳಲ್ಲಿ ಅದು ಬಹುತೇಕ ಮೂರರಿಂದ ಆರು ದಿನ ಇರುತ್ತದೆ; ಕೆಲವದರಲ್ಲಿ ಒಂದೇ ದಿನ ಮಿಂಚಿ ಮಾಯವಾಗುವುದೂ ಉಂಟು. ಈ ಹಂತದ ಕೊನೆಕೊನೆಗೆ ವೈರಸ್ ಮತ್ತೆ ಚರ್ಮದತ್ತ ಬರುತ್ತದೆ, ಆದರೆ ಈ ಸಲ ಚುಚ್ಚಿದ ಜಾಗದಲ್ಲಿ ಮಾತ್ರವಲ್ಲ, ಮೈತುಂಬ. ನನ್ನ ಮಟ್ಟಿಗೆ ಆ ಅಧ್ಯಯನದ ಸ್ವಾರಸ್ಯವಿರುವುದು ಇಲ್ಲಿ. ಸೊಳ್ಳೆಗೆ ರಕ್ತ ಸಿಗುವುದು ಚರ್ಮದಲ್ಲಿ. ಬಂದ ಬಾಗಿಲಿನಿಂದಲೇ ಹೊರಗೆ ಹೋಗಬೇಕಾದ ಅತಿಥಿಯ ಹಾಗೆ ವೈರಸ್ ಅಲ್ಲಿಗೆ ಬಂದು ನಿಲ್ಲುತ್ತದೆ.

ಈ ಹೊತ್ತಿಗೆ ಮಂಗ ಹೇಗಿರುತ್ತದೆ? ಬೆಳಿಗ್ಗೆ ಕೊಟ್ಟ ಬಾಳೆಹಣ್ಣು ತಿಂದು ಪಕ್ಕದ ಗೂಡಿನ ಮಂಗದೊಡನೆ ಜಗಳವಾಡುತ್ತಿರುತ್ತದೆ. ಜ್ವರ ಬರುವುದು ಅಪರೂಪ. ಮುಟ್ಟಿ ನೋಡಿದರೆ ಕಂಕುಳ, ತೊಡೆಸಂದಿಯ ಗ್ರಂಥಿಗಳು ಊದಿಕೊಂಡಿರಬಹುದು. ರಕ್ತ ತೆಗೆದು ನೋಡಿದರೆ ಬಿಳಿ ಕಣಗಳು ಸ್ವಲ್ಪ ಇಳಿದಿರುತ್ತವೆ. ಪ್ಲೇಟ್‌ಲೆಟ್‌ಗಳು ಕೆಲವದರಲ್ಲಿ ಇಳಿಯುತ್ತವೆ, ಹಲವದರಲ್ಲಿ ಇಳಿಯುವುದಿಲ್ಲ. ವಾರ ಕಳೆಯುವುದರೊಳಗೆ ವೈರಸ್ಸನ್ನು ಹಿಡಿಯುವ ಪ್ರೋಟೀನುಗಳಾದ ಪ್ರತಿಕಾಯಗಳು ಮೂಡುತ್ತವೆ: ಮೊದಲು ಐಜಿಎಂ, ಅದರ ಹಿಂದೆ ಐಜಿಜಿ. ವೈರಸ್ ರಕ್ತದಿಂದ ಮರೆಯಾಗುತ್ತದೆ. ರಕ್ತದಲ್ಲಿ ಸಿಗುವ ವೈರಸ್ಸಿನ ಪ್ರಮಾಣ ಮನುಷ್ಯರಲ್ಲಿ ಕಾಣುವುದಕ್ಕಿಂತ ಬಹಳ ಕಡಿಮೆ. ಮಕಾಕ್‌ಗಳಲ್ಲಿ ನೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ವ್ಯತ್ಯಾಸವಿರುತ್ತದೆ. ಚಿಂಪಾಂಜಿಗಳಿಗೆ ಡೆಂಗಿ ತಗಲಿಸಿ ನೋಡಿದ ಅಧ್ಯಯನ 1978ರಲ್ಲಿ ಬಂತು. ಮನುಷ್ಯನಿಗೆ ಅಷ್ಟು ಹತ್ತಿರದ ಪ್ರಾಣಿಯಲ್ಲೂ ರಕ್ತದಲ್ಲಿ ವೈರಸ್ ಸಿಕ್ಕಿತು, ಕಾಯಿಲೆ ಸಿಗಲಿಲ್ಲ.

ಮನುಷ್ಯನಲ್ಲಿ ಇದೇ ದಾರಿ ಬೇರೊಂದು ತಿರುವು ಪಡೆಯುತ್ತದೆ. ಆರಂಭ ಒಂದೇ ತೆರನಾದುದು: ಅದೇ ಚರ್ಮದ ಕೋಶ, ಅದೇ ದುಗ್ಧಗ್ರಂಥಿ, ಅದೇ ರಕ್ತ. ಆದರೆ ನಾಲ್ಕರಿಂದ ಹತ್ತು ದಿನಗಳ ನಂತರ ಏರುಜ್ವರ, ಕಣ್ಣಿನ ಹಿಂದೆ ನೋವು, ಮೈಮೂಳೆಯೆಲ್ಲ ಮುರಿದಂತಹ ಸಂಕಟ. ಬಹುಪಾಲು ಜನರಿಗೆ ಕಾಯಿಲೆ ಅಲ್ಲಿಗೆ ಮುಗಿಯುತ್ತದೆ. ಕೆಲವರಿಗೆ ಜ್ವರ ಇಳಿಯುವ ಹೊತ್ತಿನಲ್ಲಿ, ಅಂದರೆ ಮೂರರಿಂದ ಏಳನೆಯ ದಿನದ ಸುಮಾರಿಗೆ, ರಕ್ತನಾಳಗಳ ಗೋಡೆ ಸೋರತೊಡಗುತ್ತದೆ. ರಕ್ತದ ನೀರಿನಂಶ ಎದೆಗೂಡಿಗೂ ಹೊಟ್ಟೆಗೂ ಇಳಿದು, ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗಿ, ಒತ್ತಡ ಕುಸಿಯುತ್ತದೆ. ಡೆಂಗಿಯಿಂದಾಗುವ ಸಾವುಗಳಿಗೆ ಮುಖ್ಯ ಕಾರಣ ಈ ಸೋರಿಕೆ. ಪ್ಲೇಟ್‌ಲೆಟ್ ಎಣಿಕೆಯನ್ನಷ್ಟೇ ಹಿಡಿದು ಕೂರುವ ನಮ್ಮ ಅಭ್ಯಾಸ ಇದನ್ನು ಮರೆಸುತ್ತದೆ. ಒಂದು ಮಳೆಗಾಲದಲ್ಲಿ ನನ್ನ ಮೊಮ್ಮಗನಿಗೆ ಡೆಂಗಿ ಬಂದಿತ್ತು. ಐದನೆಯ ದಿನ ಮೈ ತಣ್ಣಗಾಯಿತು. ಮನೆಯಲ್ಲಿ ಎಲ್ಲರೂ ದೇವರಿಗೆ ಕೈಮುಗಿದರು, ನಾನೊಬ್ಬ ಮಾತ್ರ ಆ ರಾತ್ರಿ ನಿದ್ದೆ ಮಾಡಲಿಲ್ಲ. ಹುಡುಗ ಚೆನ್ನಾಗಿದ್ದಾನೆ, ಇಲ್ಲೇ ಎರಡನೆಯ ಸಾಲಿನಲ್ಲಿ ಮೊಬೈಲ್ ನೋಡುತ್ತ ಕುಳಿತಿದ್ದಾನೆ.

ಮಂಗದಲ್ಲಿ ಈ ಸೋರಿಕೆ ಆಗುವುದಿಲ್ಲ. ಹಾಗಾದರೆ ಮಂಗವನ್ನು ನೋಡಿ ಏನು ಪ್ರಯೋಜನ ಎಂದು ನೀವು ಕೇಳಬಹುದು. ಡೆಂಗಿಯ ಅತಿ ಕಠಿಣ ಗಂಟನ್ನು ಬಿಚ್ಚಲು ನೆರವಾದದ್ದು ಆ ಮಂಗಗಳೇ.

ಆ ಗಂಟು ಇದು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದುಹೋದರೆ ಅದರ ವಿರುದ್ಧ ಬಹುಕಾಲ ರಕ್ಷಣೆ ಸಿಗುತ್ತದೆ, ಉಳಿದ ಮೂರರ ವಿರುದ್ಧ ಕೆಲವೇ ತಿಂಗಳು. 1960ರ ದಶಕದಲ್ಲಿ ಬ್ಯಾಂಕಾಕಿನ ಮಕ್ಕಳಲ್ಲಿ ಹಾಲ್‌ಸ್ಟೆಡ್ ಗಮನಿಸಿದ್ದು ವಿಚಿತ್ರವಾಗಿತ್ತು: ತೀವ್ರ ಡೆಂಗಿಗೆ ತುತ್ತಾದ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಎರಡನೆಯ ಸಲದ ಸೋಂಕು. ಇನ್ನೊಂದು ಗುಂಪು ಇನ್ನೂ ವಿಚಿತ್ರ. ಒಂದು ವರ್ಷವೂ ತುಂಬದ ಹಸುಗೂಸುಗಳಿಗೆ ಮೊದಲ ಸೋಂಕಿನಲ್ಲೇ ತೀವ್ರ ಡೆಂಗಿ ಬರುತ್ತಿತ್ತು, ಮತ್ತು ಅವುಗಳ ತಾಯಂದಿರಿಗೆ ಹಿಂದೆ ಡೆಂಗಿ ಆಗಿತ್ತು. ತಾಯಿಯ ಪ್ರತಿಕಾಯಗಳು ಮಗುವಿನ ಮೈಯಲ್ಲಿ ಕರಗುತ್ತ ಕರಗುತ್ತ, ಕಾಯುವಷ್ಟು ಬಲವಿಲ್ಲದ ಆದರೆ ಪೂರ್ತಿ ಇಲ್ಲವಾಗಿಯೂ ಇಲ್ಲದ ಮಟ್ಟಕ್ಕೆ ಬಂದಾಗಲೇ ಅಪಾಯ ಹೆಚ್ಚು ಎಂದು ಕಾಣಿಸಿತು. ಕಾಯಬೇಕಾದ ಪ್ರತಿಕಾಯವೇ ಹಗೆಗೆ ದಾರಿ ತೋರಿಸುತ್ತದೆಯೇ?

ಮನುಷ್ಯರ ಮೇಲೆ ಈ ಪ್ರಯೋಗ ಮಾಡುವಂತಿರಲಿಲ್ಲ. 1973ರ ಅಧ್ಯಯನದಲ್ಲಿ ಒಂದು ಬಗೆಯ ಡೆಂಗಿಯಿಂದ ಗುಣವಾದ ರೀಸಸ್ ಮಂಗಗಳಿಗೆ ಬೇರೆ ಬಗೆಯ ವೈರಸ್ ಕೊಟ್ಟು ನೋಡಿದರು. ಎರಡನೆಯ ಸಲ ಎರಡನೇ ಬಗೆಯ ವೈರಸ್ ಕೊಟ್ಟ ಮಂಗಗಳ ರಕ್ತದಲ್ಲಿ ವೈರಸ್ ಮೊದಲ ಸೋಂಕಿನಲ್ಲಿ ಕಾಣುವುದಕ್ಕಿಂತ ಹೆಚ್ಚಿನ ಮಟ್ಟ ಮುಟ್ಟಿತು. ಮುಂದಿನ ಹೆಜ್ಜೆ 1979ರದು. ಡೆಂಗಿ ಪ್ರತಿಕಾಯಗಳಿದ್ದ ಮಾನವ ಹೊಕ್ಕುಳಬಳ್ಳಿಯ ರಕ್ತದ್ರವವನ್ನು ಸ್ವಲ್ಪ ಪ್ರಮಾಣದಲ್ಲಿ ಎಳೆಯ ರೀಸಸ್ ಮಂಗಗಳ ರಕ್ತನಾಳಕ್ಕೆ ಸೇರಿಸಿ, ಆಮೇಲೆ ಎರಡನೇ ಬಗೆಯ ವೈರಸ್ ಕೊಟ್ಟರು. ಹೋಲಿಕೆಗಾಗಿ ಪ್ರತಿಕಾಯವಿಲ್ಲದ ರಕ್ತದ್ರವವನ್ನು ಬೇರೆ ಮಂಗಗಳಿಗೆ ಕೊಟ್ಟಿದ್ದರು. ಪ್ರತಿಕಾಯ ಪಡೆದ ಮಂಗಗಳಲ್ಲಿ ವೈರಸ್ ಮಟ್ಟ ಮೂರು ಪಟ್ಟಿನಿಂದ ಐವತ್ತು ಪಟ್ಟಿನವರೆಗೆ ಏರಿತು. ಬ್ಯಾಂಕಾಕಿನ ಕೂಸುಗಳ ಕಥೆಯನ್ನು ಇದಕ್ಕಿಂತ ನೇರವಾಗಿ ಪ್ರಯೋಗಶಾಲೆಗೆ ತರಲು ಸಾಧ್ಯವಿರಲಿಲ್ಲ.

ಇದು ನಡೆಯುವ ಬಗೆ ಈಗ ಚೆನ್ನಾಗಿ ತಿಳಿದಿದೆ. ಪ್ರತಿಕಾಯ ವೈ ಆಕಾರದ ಅಣು. ಅದರ ಎರಡು ಕೈಗಳು ವೈರಸ್ಸನ್ನು ಹಿಡಿಯುತ್ತವೆ, ಬಾಲ ಭಕ್ಷಕ ಕೋಶದ ಮೇಲಿನ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಕೋಶ ಅದನ್ನು ವೈರಸ್ ಸಮೇತ ನುಂಗುತ್ತದೆ. ವೈರಸ್ ಮೈಗೆ ಪ್ರತಿಕಾಯಗಳು ಸಾಕಷ್ಟು ಅಂಟಿಕೊಂಡಿದ್ದರೆ ನುಂಗಿದ ವೈರಸ್ ನಿಷ್ಕ್ರಿಯವಾಗುತ್ತದೆ. ವಿರಳವಾಗಿ ಅಂಟಿಕೊಂಡಿದ್ದರೆ ವೈರಸ್ ಕೋಶದೊಳಗೆ ಜೀವಂತ ಇಳಿದು, ತಾನು ಬೆಳೆಯಲು ಇಷ್ಟಪಡುವ ಕೋಶದಲ್ಲೇ ನೆಲೆಯೂರುತ್ತದೆ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ರೀಸಸ್ ಮಂಗಗಳಿಗೆ ಒಂದೇ ಜಾತಿಯ ಶುದ್ಧ ಪ್ರತಿಕಾಯ ಕೊಟ್ಟು ನಾಲ್ಕನೇ ಬಗೆಯ ಡೆಂಗಿ ತಗಲಿಸಿದಾಗ ವೈರಸ್ ನೂರು ಪಟ್ಟಿನವರೆಗೂ ಹೆಚ್ಚಿತು. ಅದೇ ಪ್ರತಿಕಾಯದ ಬಾಲದಲ್ಲಿ ಒಂಬತ್ತು ಅಮೈನೊ ಆಮ್ಲಗಳನ್ನು ಕತ್ತರಿಸಿದಾಗ ಈ ಹೆಚ್ಚಳ ಇಲ್ಲವಾಯಿತು. ಕೊಂಡಿಗೆ ಸಿಕ್ಕಿಕೊಳ್ಳುವ ಬಾಲವೇ ಇದರ ಕಾರಣ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಆದರೆ ಗಮನಿಸಿ, ನೂರು ಪಟ್ಟು ಹೆಚ್ಚಿದ ವೈರಸ್ ಹೊತ್ತ ಆ ಮಂಗಕ್ಕೂ ರಕ್ತದ ಒತ್ತಡ ಕುಸಿಯುವ ಆಘಾತಸ್ಥಿತಿ ಬರಲಿಲ್ಲ. ಕೆಲವರು ಇಲ್ಲಿಗೇ ನಿಂತು, ಮಂಗದಿಂದ ಡೆಂಗಿ ರೋಗದ ಬಗ್ಗೆ ಕಲಿಯುವುದಿಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. 2010ರಲ್ಲಿ ಅಮೆರಿಕದ ಯರ್ಕ್ಸ್ ಪ್ರೈಮೇಟ್ ಕೇಂದ್ರದ ಸಂಶೋಧಕರು ರೀಸಸ್ ಮಂಗಗಳ ರಕ್ತನಾಳಕ್ಕೇ ನೇರವಾಗಿ ಎರಡನೇ ಬಗೆಯ ವೈರಸ್ಸಿನ ಸುಮಾರು ಒಂದು ಕೋಟಿ ಸೋಂಕು ಘಟಕಗಳನ್ನು ಸುರಿದರು. ಮೂರರಿಂದ ಏಳನೆಯ ದಿನದ ನಡುವೆ ಮಂಗಗಳ ಚರ್ಮದ ಕೆಳಗೆ ರಕ್ತಸ್ರಾವದ ಕಲೆಗಳು ಮೂಡಿದವು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಹದಗೆಟ್ಟ ಲಕ್ಷಣಗಳು ಕಂಡವು. ಅದೇ ಗುಂಪಿನ ಮುಂದಿನ ಕೆಲಸದಲ್ಲಿ ವೈರಸ್ ಅಸ್ಥಿಮಜ್ಜೆಯನ್ನು ಹೊಕ್ಕು, ಪ್ಲೇಟ್‌ಲೆಟ್‌ಗಳು ಹುಟ್ಟುವ ಕೋಶಗಳ ಸಾಲಿನಲ್ಲೇ ಮೊದಲ ಕೆಲವು ದಿನ ಇರುತ್ತದೆ ಎಂದು ತಿಳಿಯಿತು. ಮನುಷ್ಯನಲ್ಲಿ ಈ ಹಂತ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ರೋಗಿ ಆಸ್ಪತ್ರೆಗೆ ಬರುವುದು ಜ್ವರ ಬಂದ ಮೇಲೆ, ಅಷ್ಟರಲ್ಲಿ ಆ ದಿನಗಳು ಕಳೆದಿರುತ್ತವೆ. ಸೊಳ್ಳೆ ಯಾರನ್ನು ಎಂದು ಕಡಿಯಿತು ಎಂಬ ತಾರೀಖು ಯಾವ ಮನುಷ್ಯ ರೋಗಿಯ ಕಡತದಲ್ಲೂ ಸಿಗುವುದಿಲ್ಲ. ಮಂಗದ ಕಡತದಲ್ಲಿ ಅದು ಗಂಟೆ ನಿಮಿಷದ ಸಮೇತ ಇರುತ್ತದೆ. ಆ ಪ್ರಯೋಗಕ್ಕೆ ಒಂದು ಆಕ್ಷೇಪವಿದೆ, ಅದು ಸರಿಯಾದದ್ದೇ: ಯಾವ ಸೊಳ್ಳೆಯೂ ಒಂದು ಕೋಟಿ ಕಣಗಳನ್ನು ರಕ್ತನಾಳಕ್ಕೆ ಸುರಿಯುವುದಿಲ್ಲ.

ಮಕಾಕ್‌ಗಳಲ್ಲದೆ ಮಾರ್ಮೊಸೆಟ್ ಎಂಬ ಪುಟ್ಟ ಬ್ರೆಜಿಲ್ ಮಂಗವನ್ನೂ ಜಪಾನಿನ ಸಂಶೋಧಕರು 2011ರಿಂದೀಚೆಗೆ ಬಳಸಿದ್ದಾರೆ. ಅರ್ಧ ಕಿಲೋ ಕೂಡ ತೂಗದ ಈ ಪ್ರಾಣಿಯ ರಕ್ತದಲ್ಲಿ ವೈರಸ್ ಮಟ್ಟ ಮಕಾಕ್‌ಗಿಂತ ಬಹಳ ಹೆಚ್ಚು, ಮನುಷ್ಯರ ಮಟ್ಟಕ್ಕೆ ಸಮೀಪ. ಜ್ವರ ಮತ್ತು ಪ್ಲೇಟ್‌ಲೆಟ್ ಇಳಿಕೆ ಕೂಡ ಕಾಣಿಸಿಕೊಂಡಿವೆ. ಡೆಂಗಿಯ ಮೂಲ ನೆಲೆಯಾದ ಹಳೆಯ ಜಗತ್ತಿನ ಮಂಗಗಳು ತಾಳಿಕೊಂಡದ್ದನ್ನು ಅಮೆರಿಕದ ಮಂಗ ತಾಳಿಕೊಳ್ಳಲಾರದು ಎಂದು ಇದರಿಂದ ತೀರ್ಮಾನಿಸಬಹುದೇ ಎಂದು ನಾನೂ ಒಮ್ಮೆ ಯೋಚಿಸಿದ್ದೆ; ಒಂದೇ ಜಾತಿಯ ಪ್ರಾಣಿಯ ಆಧಾರದ ಮೇಲೆ ಅಷ್ಟು ದೊಡ್ಡ ಮಾತು ಆಡುವುದು ಸರಿಯಲ್ಲ.

ಈಗ ಹಾನಗಲ್ಲಿನ ಹಿರಿಯರ “ಯಾಕ” ಎಂಬ ಪ್ರಶ್ನೆಗೆ ಬರುತ್ತೇನೆ. ಪೂರ್ಣ ಉತ್ತರ ಯಾರ ಬಳಿಯೂ ಇಲ್ಲ, ಆದರೆ ಒಂದು ತುಣುಕು 2018ರಲ್ಲಿ ಸಿಕ್ಕಿತು. ಜೋಳದ ಹೊಲದಲ್ಲಿ ಅಟ್ಟಣಿಗೆ ಹಾಕಿ ಹಕ್ಕಿ ಕಾಯುವವನನ್ನು ನೆನಪಿಸಿಕೊಳ್ಳಿ. ನಮ್ಮ ಪ್ರತಿ ಕೋಶದೊಳಗೂ ಅಂಥ ಕಾವಲುಗಾರರಿದ್ದಾರೆ, ಅವರಲ್ಲೊಬ್ಬನ ಹೆಸರು ಸ್ಟಿಂಗ್. ಇರಬಾರದ ಜಾಗದಲ್ಲಿ ಡಿಎನ್‌ಎ ಇರುವ ಸುಳಿವು ಸಿಕ್ಕರೆ ಕೂಗೆಬ್ಬಿಸುವುದು ಈ ಪ್ರೋಟೀನಿನ ಕೆಲಸ. ಕೂಗು ಕೇಳಿದ ಕೋಶ ಇಂಟರ್‌ಫೆರಾನ್ ಸುರಿಸಿ ನೆರೆಕೋಶಗಳನ್ನು ಎಚ್ಚರಿಸುತ್ತದೆ. ಡೆಂಗಿಯದು ಆರ್‌ಎನ್‌ಎ; ಅದರ ಮುಂದೆ ಡಿಎನ್‌ಎ ಕಾಯುವವನಿಗೇನು ಕೆಲಸ ಎನ್ನಬೇಡಿ. ಸೋಂಕಿನ ಗದ್ದಲದಲ್ಲಿ ಕೋಶದ ಮೈಟೊಕಾಂಡ್ರಿಯಾಗಳಿಂದ ಡಿಎನ್‌ಎ ಹೊರಗೆ ಸೋರುತ್ತದೆ, ಅದರ ಸುಳಿವು ಸಿಕ್ಕಿ ಸ್ಟಿಂಗ್ ಕೂಗುತ್ತದೆ. ಆದ್ದರಿಂದ ಡೆಂಗಿ ವೈರಸ್ ತನ್ನ ಕತ್ತರಿ ಕಿಣ್ವದಿಂದ ಮನುಷ್ಯನ ಸ್ಟಿಂಗ್ ಅನ್ನು ತುಂಡರಿಸಿ ಬಾಯಿ ಕಟ್ಟುತ್ತದೆ. 2018ರ ಅಧ್ಯಯನ ತೋರಿಸಿದ್ದೇನೆಂದರೆ, ಚಿಂಪಾಂಜಿ, ರೀಸಸ್ ಮತ್ತು ಮಾರ್ಮೊಸೆಟ್‌ಗಳ ಸ್ಟಿಂಗ್‌ನಲ್ಲಿ ಕತ್ತರಿ ಕಚ್ಚುವ ಜಾಗದ ಅಕ್ಷರಗಳು, ಅಂದರೆ ಅಮೈನೊ ಆಮ್ಲಗಳು, ಬೇರೆ. ವೈರಸ್ಸಿನ ಕಿಣ್ವ ಅದನ್ನು ಕತ್ತರಿಸಲಾರದು. ಮಂಗದ ಅಟ್ಟಣಿಗೆಯ ಕಾವಲುಗಾರ ಕೂಗುತ್ತಲೇ ಇರುತ್ತಾನೆ. ವೈರಸ್ ಮಟ್ಟ ಕಡಿಮೆ ಉಳಿಯುವುದಕ್ಕೆ ಇದೊಂದು ಕಾರಣವಿರಬಹುದು. ಆದರೆ ಮಾರ್ಮೊಸೆಟ್‌ನಲ್ಲಿ ಸ್ಟಿಂಗ್ ಕತ್ತರಿಸದೆಯೂ ವೈರಸ್ ಅಷ್ಟು ಏರುತ್ತದೆ ಎಂಬುದನ್ನು ಮರೆಯಬಾರದು. ಒಂದು ಪ್ರೋಟೀನಿನ ಹೆಗಲ ಮೇಲೆ ಇಡೀ ಕಥೆ ಹೊರಿಸಲಾಗದು.

ಪ್ರಯೋಗಶಾಲೆಯಿಂದ ಕಾಡಿಗೆ ಹೋಗೋಣ. ಇಂದು ನಗರಗಳಲ್ಲಿ ತಿರುಗುವ ನಾಲ್ಕೂ ಬಗೆಯ ಡೆಂಗಿ ವೈರಸ್‌ಗಳು ಕೆಲವು ನೂರು ವರ್ಷಗಳ ಹಿಂದೆ ಕಾಡಿನ ಮಂಗ ಮತ್ತು ಸೊಳ್ಳೆಗಳ ನಡುವಿನ ಚಕ್ರದಿಂದ ಬೇರೆಬೇರೆಯಾಗಿ ಹೊರಬಂದವು ಎಂಬುದು ಅವುಗಳ ವಂಶಾವಳಿ ನೋಡಿದವರ ಅಭಿಪ್ರಾಯ. ಆ ಹಳೆಯ ಚಕ್ರ ಇನ್ನೂ ನಿಂತಿಲ್ಲ. ಮಲೇಷ್ಯಾದಲ್ಲಿ ಆಲ್ಬರ್ಟ್ ರುಡ್ನಿಕ್ ಎಂಬ ವಿಜ್ಞಾನಿ 1960 ಮತ್ತು 70ರ ದಶಕಗಳಲ್ಲಿ ಗೂಡಿನಲ್ಲಿರಿಸಿದ ಮಂಗಗಳನ್ನು ಮಳೆಕಾಡಿನ ಮರದ ತುದಿಗೆ ಏರಿಸಿ, ಆಗಾಗ ಅವುಗಳ ರಕ್ತ ತೆಗೆದು ಪರೀಕ್ಷಿಸಿದರು. ಆ ಕಾವಲು ಮಂಗಗಳ ರಕ್ತದಲ್ಲಿ ಒಂದನೆಯ, ಎರಡನೆಯ ಮತ್ತು ನಾಲ್ಕನೆಯ ಬಗೆಯ ಡೆಂಗಿ ವೈರಸ್‌ಗಳು ಸಿಕ್ಕವು. ಅಲ್ಲಿ ಕಡಿಯುವುದು ನಮ್ಮ ಮನೆಯ ಈಡಿಸ್ ಈಜಿಪ್ಟಿ ಅಲ್ಲ, ಮರದ ತುದಿಯಲ್ಲಿ ವಾಸಿಸುವ ಈಡಿಸ್ ನೀವಿಯಸ್ ಗುಂಪಿನ ಸೊಳ್ಳೆ. ಅದು ಆಗಾಗ ನೆಲಕ್ಕಿಳಿದು ಮನುಷ್ಯರನ್ನೂ ಕಡಿಯುತ್ತದೆ. ಆಫ್ರಿಕಾದ ಸೆನೆಗಲ್ ದೇಶದ ಕೆಡುಗು ಪ್ರದೇಶದಲ್ಲಿ ಈಡಿಸ್ ಫರ್ಸಿಫರ್ ಮುಂತಾದ ಸೊಳ್ಳೆಗಳ ಮೂಲಕ ಎರಡನೇ ಬಗೆಯ ಡೆಂಗಿ ಪಟಾಸ್ ಮತ್ತಿತರ ಮಂಗಗಳಲ್ಲಿ ತಿರುಗುತ್ತದೆ. ಅಲ್ಲಿ ಅದು ಏಳೆಂಟು ವರ್ಷಗಳಿಗೊಮ್ಮೆ ಉಕ್ಕುತ್ತದೆ. ಒಮ್ಮೆ ಸೋಂಕು ಹರಡಿದರೆ ಹಿಂಡಿನ ಬಹುತೇಕ ಮಂಗಗಳಿಗೆ ರಕ್ಷಣೆ ಬಂದುಬಿಡುತ್ತದೆ. ವೈರಸ್ಸಿಗೆ ಹೊಸ ಮೈ ಸಿಗಬೇಕಾದರೆ ಮರಿಗಳು ಹುಟ್ಟಿ ಹಿಂಡು ಹೊಸದಾಗಬೇಕು. ನಮಗೆ ಹತ್ತಿರದ ಉದಾಹರಣೆ ಶ್ರೀಲಂಕಾದ ಪೊಲೊನ್ನರುವದ್ದು. ಅಲ್ಲಿನ ಟೋಕ್ ಮಕಾಕ್‌ಗಳಲ್ಲಿ 1986-87ರ ಸುಮಾರಿಗೆ ಡೆಂಗಿ ಹಬ್ಬಿತ್ತು ಎಂದು ಹಿಂದೆ ತೆಗೆದಿಟ್ಟ ರಕ್ತದ ಮಾದರಿಗಳು ಹೇಳಿದವು. ನಿತ್ಯ ಆ ಮಂಗಗಳನ್ನು ನೋಡುತ್ತಿದ್ದವರ ಕಣ್ಣಿಗೆ ಪಿಡುಗು ಬೀಳಲಿಲ್ಲ. ಅದು ಉಳಿದದ್ದು ರಕ್ತದಲ್ಲಿ ಮಾತ್ರ.

ಕಾಡಿನ ವೈರಸ್ ಮನುಷ್ಯನಿಗೆ ಬಂದರೆ ಸೌಮ್ಯವಾಗಿರುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 2008ರಲ್ಲಿ ಮಲೇಷ್ಯಾದಲ್ಲಿ ಕಾಡಿನ ಮೂಲದ ಎರಡನೇ ಬಗೆಯ ವೈರಸ್ಸಿನಿಂದ ಒಬ್ಬರಿಗೆ ರಕ್ತಸ್ರಾವದ ಡೆಂಗಿಯೇ ಬಂತು. ಮಂಗಕ್ಕೆ ಸೌಮ್ಯವಾದದ್ದು ಮನುಷ್ಯನಿಗೂ ಸೌಮ್ಯವಾಗಿರಬೇಕಿಲ್ಲ.

ಲಸಿಕೆಗಳ ವಿಷಯದಲ್ಲಿ ಇದೇ ಮಾತು ದುಬಾರಿಯಾಯಿತು. ಡೆಂಗಿ ಲಸಿಕೆಯನ್ನು ಮೊದಲು ಮಂಗಗಳಿಗೆ ಕೊಟ್ಟು, ಆಮೇಲೆ ವೈರಸ್ ಚುಚ್ಚಿ, ರಕ್ತದಲ್ಲಿ ವೈರಸ್ ಬರುತ್ತದೆಯೇ ಇಲ್ಲವೇ ಎಂದು ನೋಡುವುದು ರೂಢಿ. ರೋಗವೇ ಬಾರದ ಪ್ರಾಣಿಯಲ್ಲಿ ರೋಗ ತಪ್ಪಿತೇ ಎಂದು ನೋಡುವುದು ಹೇಗೆ? ಡೆಂಗ್ವಾಕ್ಸಿಯಾ ಎಂಬ ಲಸಿಕೆ ಮಂಗಗಳಲ್ಲಿ ಒಳ್ಳೆಯ ರಕ್ಷಣೆ ತೋರಿಸಿತ್ತು. ಥಾಯ್ಲೆಂಡಿನ ಮಕ್ಕಳಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರ ಪರಿಣಾಮ ಶೇಕಡ 30ರ ಆಸುಪಾಸಿನಲ್ಲಿತ್ತು. 2015ರಲ್ಲಿ ಅನುಮತಿ ಸಿಕ್ಕಿ, ಫಿಲಿಪ್ಪೀನ್ಸ್‌ನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆ ಹಾಕಿದ ಮೇಲೆ, 2017ರ ಕೊನೆಗೆ, ಹಿಂದೆ ಡೆಂಗಿ ಬಾರದ ಮಕ್ಕಳಿಗೆ ಈ ಲಸಿಕೆ ಮುಂದೆ ತೀವ್ರ ಡೆಂಗಿಯ ಅಪಾಯ ಹೆಚ್ಚಿಸಬಹುದು ಎಂದು ತಯಾರಕರೇ ಪ್ರಕಟಿಸಬೇಕಾಯಿತು. ಲಸಿಕೆಯೇ ಮೊದಲ ಸೋಂಕಿನ ಪಾತ್ರ ವಹಿಸಿತ್ತು. 1979ರ ರೀಸಸ್ ಮಂಗಗಳ ರಕ್ತ ಹೇಳಿದ ಎಚ್ಚರಿಕೆಯೇ ಇದು. ಲಸಿಕೆಯ ಪರೀಕ್ಷೆಯಲ್ಲಿ ಮಂಗವನ್ನು ಕೇಳಿದ ಪ್ರಶ್ನೆ ಬೇರೆಯಾಗಿತ್ತು, ಆದ್ದರಿಂದ ಮಂಗದ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಕೊನೆಗೆ ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳು.

ನಮ್ಮ ಊರಿನ ಮಂಗಗಳಿಂದ ನಮಗೆ ಡೆಂಗಿ ಬರಬಹುದೇ ಎಂದು ಒಬ್ಬ ತಾಯಿ ಕೇಳಿದರು. ಹುಬ್ಬಳ್ಳಿ-ಧಾರವಾಡದ ಡೆಂಗಿಗೆ ಮಂಗ ಬೇಕಾಗಿಯೇ ಇಲ್ಲ. ಕೆಲವು ದಿನಗಳಿಗೊಮ್ಮೆ ನಳ ಬರುವ ಊರು ನಮ್ಮದು. ನೀರು ಬಂದ ದಿನ ಬ್ಯಾರಲ್, ತೊಟ್ಟಿ, ಹಂಡೆ, ಕೊಡ ಎಲ್ಲ ತುಂಬಿಟ್ಟುಕೊಳ್ಳುತ್ತೇವೆ. ಈಡಿಸ್ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಹತ್ತು ದಿನದೊಳಗೆ ಸಾಕು. ಮನುಷ್ಯನಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯನಿಗೆ, ಈ ಚಕ್ರ ನಮ್ಮ ಬಚ್ಚಲಲ್ಲೇ ಪೂರ್ತಿಯಾಗುತ್ತದೆ. ಹಾನಗಲ್ಲ ಕಡೆ ಸತ್ತ ಮಂಗ ಕಂಡರೆ ಅದು ಡೆಂಗಿಯ ಮಾತಲ್ಲ. ಮುಟ್ಟದೆ, ಸುತ್ತಮುತ್ತ ದನ ಬಿಡದೆ, ಪಶುವೈದ್ಯರಿಗೋ ಆರೋಗ್ಯ ಸಿಬ್ಬಂದಿಗೋ ತಿಳಿಸಬೇಕು, ಏಕೆಂದರೆ ಸತ್ತ ಮಂಗದ ಮೈಯಿಂದ ಉಣ್ಣಿಗಳು ಉದುರಿರುತ್ತವೆ.

ಎರಡನೆಯದನ್ನು ಕೇಳಿದವಳು ಎಂಎಸ್ಸಿ ವಿದ್ಯಾರ್ಥಿನಿ: ದಾಂಡೇಲಿ ಕಾಡಿನ ಮಂಗಗಳ ರಕ್ತ ತೆಗೆದು ಡೆಂಗಿ ಪ್ರತಿಕಾಯ ಇದೆಯೇ ಎಂದು ನೋಡಿದರೆ ನಮ್ಮಲ್ಲೂ ಕಾಡಿನ ಚಕ್ರ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವೇ, ಸರ್? ಪ್ರಶ್ನೆ ಚೆನ್ನಾಗಿದೆ, ಕೆಲಸ ಸುಲಭವಿಲ್ಲ. ಮಂಗನ ಕಾಯಿಲೆ, ಜಪಾನೀಸ್ ಎನ್‌ಸೆಫಲೈಟಿಸ್, ವೆಸ್ಟ್ ನೈಲ್, ಇವೆಲ್ಲ ಡೆಂಗಿಯ ದಾಯಾದಿಗಳಾದ್ದರಿಂದ ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲಿ ಹೌದೆಂದು ತೋರಿಸಿಬಿಡುತ್ತದೆ. ಪ್ರತಿಕಾಯ ಇದೆಯೇ ಎಂದಷ್ಟೇ ತೋರಿಸುವ ಎಲಿಸಾ ಕಿಟ್ ಇಲ್ಲಿ ಸಾಲದು. ಪ್ರತಿಯೊಂದು ವೈರಸ್ಸನ್ನೂ ಎದುರಿಗಿಟ್ಟು, ಆ ರಕ್ತದ್ರವ ಯಾವುದನ್ನು ಎಷ್ಟರ ಮಟ್ಟಿಗೆ ತಡೆಯುತ್ತದೆ ಎಂದು ಅಳೆಯುವ ಪರೀಕ್ಷೆ ಬೇಕು, ಮತ್ತು ಮಂಗನ ಕಾಯಿಲೆಯ ವೈರಸ್ ಇಟ್ಟುಕೊಳ್ಳಲು ಅತಿ ಹೆಚ್ಚಿನ ಸುರಕ್ಷತೆಯ ಪ್ರಯೋಗಶಾಲೆ ಬೇಕು. ಪ್ರತಿಕಾಯ ಡೆಂಗಿಯದ್ದೇ ಎಂದು ಖಚಿತವಾದರೂ ಅದು ಕಾಡಿನ ಸೊಳ್ಳೆಯಿಂದ ಬಂದಿತೋ, ಹತ್ತಿರದ ಊರಿನಲ್ಲಿ ಮನುಷ್ಯನನ್ನು ಕಡಿದ ಸೊಳ್ಳೆಯಿಂದ ಬಂದಿತೋ ಎಂದು ಪ್ರತಿಕಾಯ ಹೇಳುವುದಿಲ್ಲ. ಅದಕ್ಕೆ ವೈರಸ್ಸೇ ಸಿಗಬೇಕು, ಅದರ ವಂಶಾವಳಿ ಓದಬೇಕು. ವೈರಸ್ ಮಂಗದ ರಕ್ತದಲ್ಲಿ ಇರುವುದು ನಾಲ್ಕೈದು ದಿನ. ಲಕ್ಷಣವೇ ತೋರದ ಪ್ರಾಣಿಯನ್ನು, ಯಾವ ನಾಲ್ಕೈದು ದಿನ ಎಂದು ಗೊತ್ತಿಲ್ಲದೆ, ಕಾಡಿನಲ್ಲಿ ಹಿಡಿಯಲು ಹೊರಟರೆ ವರ್ಷಗಟ್ಟಲೆ ಬರಿಗೈಯಲ್ಲಿ ಮರಳಬೇಕಾದೀತು. ರುಡ್ನಿಕ್ ಮಂಗಗಳನ್ನು ಹುಡುಕಿಕೊಂಡು ಕಾಡೆಲ್ಲ ಅಲೆಯದೆ, ಗೂಡು ಕಟ್ಟಿ ಮರದ ತುದಿಗೆ ಏರಿಸಿ ಕಾದದ್ದು ಇದೇ ಕಾರಣಕ್ಕೆ.